ಗಡಿಯಾರ ಇಟ್ಟುಕೊಂಡು ಕಥೆ ಹೇಳಿದವರು

1985ರ ಅಕ್ಟೋಬರ್. ನ್ಯೂಯಾರ್ಕ್ ಬಳಿಯ ಚಾಪಕ್ವಾ ಎಂಬ ಊರಿನ ಹೈಸ್ಕೂಲಿನೆದುರು, ರೀಡರ್ಸ್ ಡೈಜೆಸ್ಟ್ ಕಚೇರಿಯ ಪಾರ್ಕಿಂಗ್ ಜಾಗ. ಬಿಳಿ ಬಟ್ಟೆ ತೊಟ್ಟ ಹುಡುಗನೊಬ್ಬ ಅಲ್ಲಿ ಓಡುತ್ತಿದ್ದಾನೆ, ನೆಗೆಯುತ್ತಿದ್ದಾನೆ, ಗೋಡೆಯಂಚು ಹಿಡಿದು ಜೋತುಬೀಳುತ್ತಿದ್ದಾನೆ. ವಿಡಿಯೊ ಕ್ಯಾಮೆರಾ ಹಿಡಿದಿದ್ದವರು ಅವನ ಅಣ್ಣ ಜೋರ್ಡನ್ ಮೆಕ್ನರ್. ವಯಸ್ಸು 21, ಯೇಲ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ ಆಗಷ್ಟೇ ಹೊರಬಂದಿದ್ದರು. ತಮ್ಮ ಡೇವಿಡ್‌ನ ಆ ಓಟವೇ ನಾಲ್ಕು ವರ್ಷಗಳ ನಂತರ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ವಿಡಿಯೊ ಗೇಮ್‌ನ ರಾಜಕುಮಾರನ ಓಟವಾಯಿತು.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಈ ರಾಜಕುಮಾರನನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಮೇಷ್ಟ್ರು ಡಾಸ್ ಕಮಾಂಡ್ ಹೇಳಿಕೊಟ್ಟು ಆಚೆ ಹೋಗುವುದೇ ತಡ, ಯಾರದೋ ಜೇಬಿನಿಂದ ಫ್ಲಾಪಿ ಹೊರಬರುತ್ತಿತ್ತು. ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಆಟ ಶುರು ಮಾಡಿದರೆ ಕಷ್ಟದ ಹಂತಗಳನ್ನು ದಾಟಿಕೊಂಡು ಹೋಗಬಹುದೆಂಬ ಗುಟ್ಟು ಬಾಯಿಂದ ಬಾಯಿಗೆ ಹರಡಿತ್ತು. ಇದನ್ನು ಮಾಡಿದವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಸಿನಿಮಾ ನೋಡಿ ಬಂದರೆ ನಿರ್ದೇಶಕರ ಹೆಸರು ಹೇಳುತ್ತೇವೆ; ಗೇಮ್‌ಗೂ ಒಬ್ಬ ಕರ್ತೃ ಇರುತ್ತಾನೆಂಬುದು ಈಗಲೂ ನಮಗೆ ಅಷ್ಟಾಗಿ ಹೊಳೆಯುವುದಿಲ್ಲ.

ಮೆಕ್ನರ್ ಮೊದಲು ಹೆಸರು ಮಾಡಿದ್ದು ‘ಕರಾಟೆಕಾ’ದಿಂದ. ಕಾಲೇಜಿನಲ್ಲಿದ್ದಾಗಲೇ ಬರೆದ ಈ ಗೇಮನ್ನು ಕ್ಯಾಲಿಫೋರ್ನಿಯಾದ ಬ್ರೋಡರ್‌ಬಂಡ್ ಕಂಪನಿ 1984ರಲ್ಲಿ ಆಪಲ್ 2 ಕಂಪ್ಯೂಟರಿಗೆ ತಂದಿತು. ತಮ್ಮ ಕರಾಟೆ ಗುರುವನ್ನು ಸೂಪರ್ 8 ಕ್ಯಾಮೆರಾದಲ್ಲಿ ಚಿತ್ರಿಸಿ, ಚೌಕಟ್ಟಿನಿಂದ ಚೌಕಟ್ಟಿಗೆ ತಿದ್ದಿ ಬರೆದು ಪಾತ್ರಗಳಿಗೆ ಚಲನೆ ಕೊಟ್ಟರು. ಸಂಗೀತ ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಕಾವಲುಗಾರರನ್ನೆಲ್ಲ ಸದೆಬಡಿದು ಕೋಣೆ ಹೊಕ್ಕಾಗ ನಾಯಕಿ ಮರಿಕೋ ಕಾಯುತ್ತಿರುತ್ತಾಳೆ. ಹೊಡೆದಾಟದ ಭಂಗಿಯಲ್ಲೇ ಅವಳ ಹತ್ತಿರ ಹೋದಿರೋ, ಒಂದೇ ಒದೆತಕ್ಕೆ ನಿಮ್ಮ ಪ್ರಾಣ ಹೋಗುತ್ತದೆ. ಭಂಗಿ ಸಡಿಲಿಸಿ, ಸಾಮಾನ್ಯ ಮನುಷ್ಯನ ಹಾಗೆ ಓಡಿಹೋಗಬೇಕು. ಇಪ್ಪತ್ತರ ಹುಡುಗನ ತುಂಟತನ ಎನ್ನಿ. ಆದರೂ ಒಂದು ಮಾತಿಲ್ಲದೆ, ಆಡುವವನ ಬೆರಳಿನಿಂದಲೇ ಕಥೆ ಹೇಳಿಸುವ ಜಾಣ್ಮೆ ಅಲ್ಲೇ ಕಾಣುತ್ತದೆ.

ಪರ್ಷಿಯಾದ ರಾಜಕುಮಾರನಿಗೆ ಪಟ್ಟ ಪಾಡು ಇದಕ್ಕಿಂತ ಹೆಚ್ಚು. ವಿಡಿಯೊ ಟೇಪನ್ನು ಟಿವಿಯಲ್ಲಿ ಒಂದೊಂದೇ ಚೌಕಟ್ಟು ನಿಲ್ಲಿಸಿ, ಪರದೆಯ ಫೋಟೊ ತೆಗೆದು, ಪ್ರಿಂಟ್ ಹಾಕಿಸಬೇಕು. ಆಕೃತಿಯ ಅಂಚನ್ನು ಕಪ್ಪು ಮಾರ್ಕರ್‌ನಿಂದ ತುಂಬಿ, ಜೆರಾಕ್ಸ್ ಮಾಡಿಸಿ, ಅದನ್ನು ಕಂಪ್ಯೂಟರಿಗೆ ಇಳಿಸಿ, ಆಮೇಲೆ ಚುಕ್ಕೆ ಚುಕ್ಕೆಯಾಗಿ ತಿದ್ದಬೇಕು. ಕತ್ತಿವರಸೆಗೆ ಬೇಕಾದ ಆಟಗಾರರು ಮನೆಯಲ್ಲಿರಲಿಲ್ಲ. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದ ಕೊನೆಯ ಕಾಳಗದಲ್ಲಿ ಎರಲ್ ಫ್ಲಿನ್ ಮತ್ತು ಬಾಸಿಲ್ ರಾತ್‌ಬೋನ್ ಕೆಲವೇ ಸೆಕೆಂಡು ಪಕ್ಕದಿಂದ ಪೂರ್ತಿ ಕಾಣುತ್ತಾರೆ. ಮೆಕ್ನರ್ ಅಷ್ಟನ್ನೇ ಹಿಡಿದುಕೊಂಡರು. ಕಂದಕ ಹಾರಿ ಅಂಚಿಗೆ ಬೆರಳು ಸಿಕ್ಕಿಸಿ ನೇತಾಡುವ ಕಲ್ಪನೆಗೆ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದ ಮೊದಲ ಹತ್ತು ನಿಮಿಷ ಪ್ರೇರಣೆ.

ಮೊದಲಿಗೆ ಈ ಗೇಮ್‌ನಲ್ಲಿ ಕಾಳಗವೇ ಇರಲಿಲ್ಲ. ಎದುರಾಳಿ ಬೇಕೇಬೇಕು ಎಂದು ಒತ್ತಾಯಿಸಿದವರು ಸಹೋದ್ಯೋಗಿ ಟೋಮಿ ಪಿಯರ್ಸ್. ಆದರೆ ರಾಜಕುಮಾರನ ಚಲನೆಗಳೇ ಆಪಲ್ 2ರ ಮೆಮೊರಿಯನ್ನೆಲ್ಲ ನುಂಗಿದ್ದವು, ಇನ್ನೊಂದು ಪಾತ್ರಕ್ಕೆ ಜಾಗವಿಲ್ಲ. ಹಾಗಾದರೆ ಇದೇ ಚಿತ್ರಗಳನ್ನು ಮತ್ತೆ ಬಳಸಬಹುದಲ್ಲ ಎಂಬ ಮಾತು ಬಂತು. ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ ಅದೇ ಚಿತ್ರದ ಮೇಲೆ ಹಾಯಿಸಿದಾಗ ಮಿನುಗುವ ಪ್ರೇತದಂಥ ಆಕೃತಿ ಮೂಡಿತು. ಅದೇ ‘ನೆರಳು ಮನುಷ್ಯ’. ಕನ್ನಡಿಯೊಳಗೆ ಹಾರಿದಾಗ ರಾಜಕುಮಾರನಿಂದ ಬೇರೆಯಾಗುತ್ತಾನೆ, ನೀವು ಕುಡಿಯಬೇಕಾದ ಔಷಧ ಕದಿಯುತ್ತಾನೆ, ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ಅವನಿಗೆ ಹೊಡೆದರೆ ನಿಮ್ಮ ಪ್ರಾಣವೇ ಕಡಿಮೆಯಾಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಮುಂದೆ ನಡೆದರೆ ಇಬ್ಬರೂ ಒಂದಾಗುತ್ತಾರೆ. ಜಾಗ ಧಾರಾಳವಾಗಿದ್ದಿದ್ದರೆ ಅಲ್ಲೊಬ್ಬ ರಾಕ್ಷಸನೋ ಭೂತವೋ ಬಂದು ನಿಲ್ಲುತ್ತಿತ್ತು, ಈ ಗೇಮ್ ಇಷ್ಟು ಕಾಲ ನೆನಪಿನಲ್ಲಿ ಉಳಿಯುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಇದೆಲ್ಲದರ ಮೇಲೆ ಒಂದು ಗಡಿಯಾರ. ಮಂತ್ರಿ ಜಾಫರ್ ರಾಜಕುಮಾರಿಗೆ ಕೊಟ್ಟ ಗಡುವು ಒಂದು ಗಂಟೆ, ಆಡುವವನಿಗೂ 60 ನಿಮಿಷ. ಸತ್ತರೆ ಆ ಹಂತದ ಆರಂಭಕ್ಕೆ ಮರಳಬಹುದು, ಕಳೆದ ನಿಮಿಷಗಳು ಮಾತ್ರ ಮರಳವು. ಮೆಕ್ನರ್ ಅವರ ಬರವಣಿಗೆಯ ಮೂಲದ್ರವ್ಯ ಈ ಕಾಲವೇ ಎಂದು ನನಗನ್ನಿಸುತ್ತದೆ. ಮುಂದಿನ ಕೃತಿಗಳಲ್ಲೂ ಅವರು ಅದರ ಜೊತೆಗೇ ಸೆಣಸುತ್ತಾರೆ.

1989ರಲ್ಲಿ ಗೇಮ್ ಬಿಡುಗಡೆಯಾಗುವ ಹೊತ್ತಿಗೆ ಆಪಲ್ 2 ಹಳತಾಗಿತ್ತು, ಮಾರಾಟ ನೀರಸ. ಡಾಸ್ ಆವೃತ್ತಿ, ಜಪಾನ್ ಮತ್ತು ಯೂರೋಪಿನ ಆವೃತ್ತಿಗಳು, ಆಮೇಲೆ ಮ್ಯಾಕಿಂಟಾಷ್, ಹೀಗೆ ಸುತ್ತುಬಳಸಿ ಗೆಲುವು ಬಂತು. ಈ ನಡುವೆ ಮೆಕ್ನರ್ ಮನಸ್ಸು ಎರಡು ದೋಣಿಯಲ್ಲಿತ್ತು. ಗೇಮನ್ನು ತಿಂಗಳುಗಟ್ಟಲೆ ಬದಿಗಿಟ್ಟು ಹಾಲಿವುಡ್‌ಗಾಗಿ ಚಿತ್ರಕಥೆ ಬರೆದರು. ಆ ಸಿನಿಮಾ ಆಗಲಿಲ್ಲ. ಈ ತೊಳಲಾಟವೆಲ್ಲ ಅವರ ದಿನಚರಿಯಲ್ಲಿದೆ. ಕಾಲೇಜು ದಿನಗಳಿಂದ ಬರೆಯುತ್ತ ಬಂದ ಆ ದಿನಚರಿ ಈಗ ಪುಸ್ತಕರೂಪದಲ್ಲೂ ಸಿಗುತ್ತದೆ.

ಎರಡೂ ದೋಣಿಗಳು ಕೂಡಿದ್ದು 1997ರ ‘ದಿ ಲಾಸ್ಟ್ ಎಕ್ಸ್‌ಪ್ರೆಸ್’ನಲ್ಲಿ. ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೃತಿ ಇದೇ. 1914ರ ಜುಲೈ, ಮೊದಲ ಮಹಾಯುದ್ಧದ ಹೊಸ್ತಿಲು. ಪ್ಯಾರಿಸ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ರಷ್ಯನ್ನರು, ಸರ್ಬಿಯಾದವರು, ಜರ್ಮನ್ನರು, ಫ್ರೆಂಚರು. ತಮ್ಮತಮ್ಮೊಳಗೆ ಅವರವರ ನುಡಿಯಲ್ಲೇ ಮಾತು. ಕಥೆಯನ್ನು ಮೆಕ್ನರ್ ಟೋಮಿ ಪಿಯರ್ಸ್ ಜೊತೆ ಬರೆದರು. ಇಲ್ಲಿ ಕಾಲ ಆರು ಪಟ್ಟು ವೇಗದಲ್ಲಿ ಓಡುತ್ತದೆ, ಯಾರಿಗಾಗಿಯೂ ನಿಲ್ಲುವುದಿಲ್ಲ. ನೀವು ಊಟದ ಬೋಗಿಯಲ್ಲಿ ಕೂತು ಒಂದು ಮಾತುಕತೆಗೆ ಕಿವಿಗೊಟ್ಟರೆ, ಅದೇ ಹೊತ್ತಿಗೆ ಇನ್ನೊಂದು ಬೋಗಿಯಲ್ಲಿ ನಡೆದ ಪಿತೂರಿ ತಪ್ಪಿಹೋಗುತ್ತದೆ. ಬೇಕಿದ್ದರೆ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿ ಮತ್ತೆ ಬದುಕಿ ನೋಡಬಹುದು. ಹಳೆಯ ಬೋಗಿಯೊಂದನ್ನು ಅಥೆನ್ಸ್‌ನಲ್ಲಿ ಹುಡುಕಿ ತೆಗೆದು, ನೋಡಿ ಬಂದೇ ಈ ರೈಲನ್ನು ಕಟ್ಟಿದರು. ನಟರನ್ನು ಚಿತ್ರೀಕರಿಸಿ ಆ ಕಾಲದ ಚಿತ್ರಶೈಲಿಗೆ ಇಳಿಸಿದರು. 50 ಲಕ್ಷ ಡಾಲರ್ ದಾಟಿದ ಖರ್ಚು. ಬಿಡುಗಡೆಗೆ ಕೆಲವೇ ವಾರಗಳಿರುವಾಗ ಪ್ರಕಾಶಕರ ಪ್ರಚಾರ ವಿಭಾಗದವರು ಕೆಲಸ ಬಿಟ್ಟರು, ಜಾಹೀರಾತೇ ಇಲ್ಲದೆ ಗೇಮ್ ಮುಗ್ಗರಿಸಿತು.

ಮತ್ತೆ ಎದ್ದದ್ದು 2003ರಲ್ಲಿ, ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡದೊಂದಿಗೆ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಮಾಡಿದಾಗ. ಕಥೆ ಶುರುವಾಗುವುದು ಭಾರತದಲ್ಲಿ. ಮಹಾರಾಜನೊಬ್ಬನ ಅರಮನೆಯನ್ನು ಪರ್ಷಿಯನ್ನರು ಲೂಟಿ ಮಾಡಿದಾಗ ಕಾಲವನ್ನು ಹಿಂದಕ್ಕೆ ಸರಿಸುವ ಕಠಾರಿ ರಾಜಕುಮಾರನ ಕೈಸೇರುತ್ತದೆ. ನಾಯಕಿ ಫರಾ ಆ ಮಹಾರಾಜನ ಮಗಳು. (ಇದು ಅರೇಬಿಯನ್ ನೈಟ್ಸ್ ಕಂಡ ಭಾರತ, ನಕ್ಷೆಯಲ್ಲಿ ಹುಡುಕಬಾರದು.) ಕಥೆಯನ್ನು ರಾಜಕುಮಾರನೇ ಹೇಳುತ್ತಿರುತ್ತಾನೆ. ಆಡುವವನು ಕಾಲುಜಾರಿ ಬಿದ್ದು ಸತ್ತರೆ ನಿರೂಪಕ ತಡೆದು, ಅದು ಹಾಗೆ ನಡೆಯಲಿಲ್ಲ ಎಂದು ತಿದ್ದಿಕೊಳ್ಳುತ್ತಾನೆ. ಗೇಮ್‌ಗಳಲ್ಲಿ ನಾಯಕ ನೂರು ಸಲ ಸತ್ತು ಏಳುವ ಆಭಾಸವನ್ನು ಇಷ್ಟು ಚೆಂದವಾಗಿ ಕಥೆಯೊಳಗೇ ಅರಗಿಸಿಕೊಂಡ ಬರಹ ಅಪರೂಪ. ಇದರ ಮರುನಿರ್ಮಾಣದ ಕೆಲಸ 2020ರಲ್ಲಿ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳಲ್ಲಿತ್ತು. 2022ರಲ್ಲಿ ಮಾಂಟ್ರಿಯಲ್‌ಗೇ ಹಿಂತಿರುಗಿತು. ಡಿಸ್ನಿಯ 2010ರ ಸಿನಿಮಾಕ್ಕೂ ಮೂಲಕಥೆ ಮೆಕ್ನರ್ ಅವರದೇ. ಆದರೆ ಅದರಲ್ಲಿ ಅವರ ಗುರುತಿಗಿಂತ ಹಾಲಿವುಡ್‌ನ ಗುರುತೇ ಹೆಚ್ಚು.

ಮೊದಲ ‘ಪ್ರಿನ್ಸ್’ನ ಮೂಲ ಕೋಡ್ ಬಹುಕಾಲ ಕಾಣೆಯಾಗಿತ್ತು. 2012ರಲ್ಲಿ ತಂದೆಯವರು ಮನೆಯ ಕಪಾಟಿನ ಮೂಲೆಯಲ್ಲಿ ಪೆಟ್ಟಿಗೆಯೊಂದನ್ನು ಕಂಡು ಮಗನಿಗೆ ಕಳಿಸಿದರು. ಹಳೆಯ ಫ್ಲಾಪಿಗಳನ್ನು ಬಲ್ಲ ಜೇಸನ್ ಸ್ಕಾಟ್, ಟೋನಿ ಡಯಾಜ್ ಬಂದು ಅದನ್ನು ಓದಿ ತೆಗೆದರು. ಈಗ ಅದು ಎಲ್ಲರಿಗೂ ತೆರೆದಿದೆ.

ಅದೇ ತಂದೆ ‘ರಿಪ್ಲೇ’ ಎಂಬ ಚಿತ್ರಕಥನ ಪುಸ್ತಕದಲ್ಲಿ ಪಾತ್ರವಾಗಿದ್ದಾರೆ. ಫ್ರಾನ್ಸಿಸ್ ಹುಟ್ಟಿದ್ದು 1931ರಲ್ಲಿ, ವಿಯೆನ್ನಾದ ಯೆಹೂದಿ ಮನೆಯಲ್ಲಿ. 1938ರಲ್ಲಿ ನಾಜಿಗಳು ಊರು ಹಿಡಿದಾಗ ಕುಟುಂಬ ಚದುರಿತು. ಬಾಲಕ ಫ್ರಾನ್ಸ್‌ನಲ್ಲಿ ಅಲೆದಾಡಿ ಕೊನೆಗೆ ನ್ಯೂಯಾರ್ಕ್ ಸೇರಿದ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಪರ ಹೋರಾಡಿದ ಅಜ್ಜ, ಓಡಿಬಂದ ಅಪ್ಪ, ಗೇಮ್‌ನ ಕೆಲಸಕ್ಕೆಂದು ಫ್ರಾನ್ಸಿನ ಮೊಂಪೆಲ್ಯೇಗೆ ಬಂದಿಳಿದ ಮಗ, ಮೂವರ ಕಾಲಗಳೂ ಇದರಲ್ಲಿ ಹೆಣೆದುಕೊಂಡಿವೆ. ಬರಹದ ಜೊತೆ ಚಿತ್ರಗಳೂ ಮೆಕ್ನರ್ ಅವರವೇ. ಫ್ರೆಂಚ್‌ನಲ್ಲಿ 2023ಕ್ಕೆ, ಇಂಗ್ಲಿಷ್‌ನಲ್ಲಿ 2024ಕ್ಕೆ ಪುಸ್ತಕ ಬಂತು. ಯಾವ ಗೇಮ್‌ಗಾಗಿ ಅವರು ಫ್ರಾನ್ಸಿಗೆ ಹೋಗಿದ್ದರೋ ಅದು ಅರ್ಧಕ್ಕೇ ನಿಂತಿತ್ತು.