ಆಗಸದಿಂದ ಇಳಿದ ಪಾಠ

ಕಪಿಲೆಯ ದಡದ ನಂಜನಗೂಡಿಗೂ ಕಪಿಲೆ-ಕಾವೇರಿಯರು ಕೂಡುವ ತಿರುಮಕೂಡಲು ನರಸೀಪುರಕ್ಕೂ ನೆರೆಯಲ್ಲಿರುವುದು ಚಾಮರಾಜನಗರ ಜಿಲ್ಲೆ. 1997ರವರೆಗೆ ಅದು ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು. ಕಾಡಂಚಿನ ಹಳ್ಳಿಗಳುಳ್ಳ ಆ ಸೀಮೆಯ ಶಾಲೆಗಳಿಗೆ ಆಗಸದಿಂದಲೇ ಪಾಠ ಇಳಿದು ಬಂದ ಸಂಗತಿ ಸ್ವಾರಸ್ಯಕರವಾದುದು.

2004ರ ಸೆಪ್ಟೆಂಬರ್ 20ರಂದು ಭಾರತವು ಶ್ರೀಹರಿಕೋಟದಿಂದ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ನಮ್ಮ ಮೊದಲ ಉಪಗ್ರಹವದು. ಅದರ ಪ್ರಯೋಗಕ್ಕೆ ಚಾಮರಾಜನಗರದ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಳ್ಳಲಾಯಿತು.

ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುವ ಇಂತಹ ಉಪಗ್ರಹವು ಒಂದೇ ಕಡೆ ನಿಂತಂತೆ ತೋರುತ್ತದೆ. ಆದಕಾರಣ ಶಾಲೆಯ ಮೇಲಿನ ತಟ್ಟೆಯಾಕಾರದ ಆಂಟೆನಾವನ್ನು ಒಮ್ಮೆ ಅದರತ್ತ ತಿರುಗಿಸಿ ನಿಲ್ಲಿಸಿದರೆ ಸಾಕು. ಸ್ಟುಡಿಯೋದಿಂದ ಹೊರಟ ಅಲೆಗಳು ಮೇಲೇರಿ, ಮರಳಿ ಇಳಿದು, ಸುಮಾರು ಕಾಲು ಸೆಕೆಂಡಿನಲ್ಲಿ ಎಲ್ಲ ಶಾಲೆಗಳನ್ನೂ ಒಟ್ಟಿಗೆ ಮುಟ್ಟುತ್ತವೆ. ಪಟ್ಟಣದ ಮಗುವಿಗೂ ಹಾಡಿಯ ಮಗುವಿಗೂ ಒಂದೇ ಪಾಠ!

ಆದರೆ ಪರದೆಗೆ ಕಣ್ಣಿಲ್ಲ. ಹಿಂದಿನ ಸಾಲಿನಲ್ಲಿ ಅರ್ಥವಾಗದೆ ತಲೆ ತಗ್ಗಿಸಿದ ಮಗುವನ್ನು ಗುರುತಿಸಬಲ್ಲವರು ತರಗತಿಯಲ್ಲಿ ನಿಂತ ಉಪಾಧ್ಯಾಯರೇ. 2010ರಲ್ಲಿ ಎಜುಸ್ಯಾಟಿನ ಸೇವೆ ಮುಗಿಯಿತು. ಉಪಕರಣಗಳು ಬರುತ್ತವೆ, ಹೋಗುತ್ತವೆ. ಕೇಳುವ ಕುತೂಹಲವೂ ಕಲಿಸುವ ಅಕ್ಕರೆಯೂ ಉಳಿದಲ್ಲಿ ಮಾತ್ರ ವಿದ್ಯೆ ಉಳಿಯುತ್ತದೆ.