‘ಅನ್ಯಥಾ’ ಎಂಬ ಒಂದು ಪದ: ಸಂವಿಧಾನ ಸಭೆಯಲ್ಲಿ ಹರಿ ವಿಷ್ಣು ಕಾಮತ್

ಭಾರತದ ಸಂವಿಧಾನದೊಳಗೆ ಯಾವ ಮಾತುಗಳು ಹೇಗೆ ಸೇರಿದವು ಎಂಬುದಕ್ಕೆ ಸಂವಿಧಾನ ರಚನಾ ಸಭೆಯ ಕಲಾಪಗಳನ್ನು ದಾಖಲಿಸಿರುವ 12 ಸಂಪುಟಗಳು ಸಾಕ್ಷಿಯಾಗಿವೆ. ಸೇರದೆ ಹೊರಗುಳಿದ ಮಾತುಗಳನ್ನು ಯಾರು ಆಡಿದರು ಎಂಬುದಕ್ಕೂ ಅವೇ ಸಾಕ್ಷಿ. ಕರಡಿನ ಮೇಲೆ ಸದಸ್ಯರು ಕೊಟ್ಟ ತಿದ್ದುಪಡಿ ಸೂಚನೆಗಳು 7,635. ಅವುಗಳಲ್ಲಿ ಸದನದಲ್ಲಿ ಮಂಡನೆಯಾದವು 2,473. ಮಂಡಿತವಾದವುಗಳಲ್ಲಿ ಬಹಳಷ್ಟರ ಕೊನೆಗೆ ‘ತಿದ್ದುಪಡಿ ತಿರಸ್ಕೃತವಾಯಿತು’ ಎಂಬರ್ಥದ ಒಂದೇ ಸಾಲಿನ ದಾಖಲೆಯಿದ್ದು, ಆ ಸಾಲಿನ ಮೇಲ್ಭಾಗದಲ್ಲಿ ಮತ್ತೆ ಮತ್ತೆ ಕಾಣಸಿಗುವ ಹೆಸರುಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತ ಮತ್ತು ಬೇರಾರ್ ಪ್ರತಿನಿಧಿಯಾಗಿ ಸಭೆಗೆ ಬಂದಿದ್ದ ಹರಿ ವಿಷ್ಣು ಕಾಮತ್ ಅವರದೂ ಒಂದು.

ತಿದ್ದುಪಡಿ ಎಂಬ ಈ ಶಾಸನಕಾರ್ಯದ ಕ್ರಮ ಮೇಲ್ನೋಟಕ್ಕೆ ಸರಳವಾದದ್ದು. ಕರಡಿನ ಒಂದು ಪದವನ್ನು ತೆಗೆಯಬೇಕೆಂದೋ ಬದಲಿಸಬೇಕೆಂದೋ ಬಯಸುವ ಸದಸ್ಯನು ಲಿಖಿತ ಸೂಚನೆ ಕೊಡುತ್ತಾನೆ. ಕಚೇರಿ ಅದಕ್ಕೆ ಸಂಖ್ಯೆ ಹಾಕಿ ಅಚ್ಚುಮಾಡಿಸಿ ಹಂಚುತ್ತದೆ. ಸರದಿ ಬಂದಾಗ ಆತ ಎದ್ದು ಅದನ್ನು ಓದಿ ಸಮರ್ಥಿಸುತ್ತಾನೆ. ಕರಡು ಸಮಿತಿಯ ಪರವಾಗಿ ಡಾ. ಬಿ.ಆರ್. ಅಂಬೇಡ್ಕರ್ ಉತ್ತರಿಸಿದ ಮೇಲೆ ಅಧ್ಯಕ್ಷರಾದ ಡಾ. ರಾಜೇಂದ್ರ ಪ್ರಸಾದರು ಅದನ್ನು ಮತಕ್ಕೆ ಹಾಕುತ್ತಾರೆ. ಆದರೆ ಸಭೆಯಲ್ಲಿ ಕಾಂಗ್ರೆಸ್ಸಿಗೆ ಭಾರೀ ಬಹುಮತವಿದ್ದು, ಅನೇಕ ವಿಧಿಗಳ ಹಣೆಬರಹ ಪಕ್ಷದ ಸಭೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು. ಸೋಲು ಖಚಿತವೆಂದು ಗೊತ್ತಿದ್ದೂ ಎದ್ದು ನಿಂತು, ದಾಖಲೆಗಾದರೂ ಮಾತು ಸೇರಲಿ ಎಂದು ವಾದಿಸಿದವರು ಬೆರಳೆಣಿಕೆಯಷ್ಟು ಮಂದಿ, ಮತ್ತು ಸಂಪುಟಗಳ ಜೀವಂತಿಕೆಯ ದೊಡ್ಡ ಪಾಲು ಅವರಿಗೇ ಸಲ್ಲಬೇಕಾದದ್ದು.

ಕಾಮತರ ಜನನ 1907ರಲ್ಲಿ. 1930ರಲ್ಲಿ ಐ.ಸಿ.ಎಸ್. ಸೇರಿ, 1938ರಲ್ಲಿ ಆ ಹುದ್ದೆಗೆ ರಾಜೀನಾಮೆ ಕೊಟ್ಟು ಸುಭಾಷ್‌ಚಂದ್ರ ಬೋಸರ ಜೊತೆಗೂಡಿದ ಅವರು ಫಾರ್ವರ್ಡ್ ಬ್ಲಾಕ್‌ನ ಸಂಘಟಕರಲ್ಲಿ ಒಬ್ಬರಾಗಿದ್ದರು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ಅವರೂ ದಕ್ಷಿಣ ಕನ್ನಡ ಮೂಲದ ಐ.ಸಿ.ಎಸ್. ಅಧಿಕಾರಿ. ಕರಡನ್ನು ಕಟ್ಟಿದವರೊಬ್ಬರು, ಅದರ ಸಂದುಗಳನ್ನು ಹುಡುಕಿ ತೋರಿಸಿದವರೊಬ್ಬರು, ಇಬ್ಬರೂ ಒಂದೇ ಕರಾವಳಿಗೆ ಸೇರಿದವರೆಂಬುದನ್ನು ಕನ್ನಡ ಓದುಗರು ಗಮನಿಸಬೇಕು.

ಕಾಮತರ ವಾದಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾದದ್ದು 1949ರ ಆಗಸ್ಟ್ ಆರಂಭದಲ್ಲಿ ಅವರು ಒಂದೇ ಒಂದು ಪದದ ಮೇಲೆ ಹೂಡಿದ ಹೋರಾಟ. ಆಗ ಚರ್ಚೆಗೆ ಬಂದಿದ್ದ ಕರಡಿನ 278ನೇ ವಿಧಿ, ಅಂದರೆ ಇಂದಿನ 356ನೇ ವಿಧಿ, ರಾಜ್ಯವೊಂದರ ಆಡಳಿತ ಸಂವಿಧಾನಕ್ಕೆ ಅನುಗುಣವಾಗಿ ನಡೆಯಲಾರದ ಸ್ಥಿತಿ ಒದಗಿದೆ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ ಆ ರಾಜ್ಯದ ಅಧಿಕಾರವನ್ನು ಕೇಂದ್ರವು ವಹಿಸಿಕೊಳ್ಳಲು ಅವಕಾಶ ಕೊಡುತ್ತದೆ; ಜನರ ಬಾಯಲ್ಲಿ ಇದೇ ರಾಷ್ಟ್ರಪತಿ ಆಳ್ವಿಕೆ. ಆ ಮನವರಿಕೆ ರಾಜ್ಯಪಾಲರ ವರದಿಯಿಂದ ಮೂಡಬಹುದು, ‘ಅಥವಾ ಅನ್ಯಥಾ’, ಅಂದರೆ ವರದಿಯೇ ಇಲ್ಲದೆ ಬೇರೆ ಯಾವುದೇ ಮೂಲದಿಂದಲೂ ಮೂಡಬಹುದು ಎಂದು ವಿಧಿ ಹೇಳುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ‘ಆರ್ ಅದರ್‌ವೈಸ್’ ಎಂದಿರುವ ಈ ಎರಡು ಪದಗಳು 1948ರ ಕರಡಿನ ಮೂಲ ಯೋಜನೆಯಲ್ಲಿ ಇರಲಿಲ್ಲ. ರಾಜ್ಯದ ಬಿಕ್ಕಟ್ಟನ್ನು ಮೊದಲು ರಾಜ್ಯಪಾಲರೇ ಎರಡು ವಾರಗಳ ಮಟ್ಟಿಗೆ ಉದ್ಘೋಷಣೆ ಹೊರಡಿಸಿ ನಿಭಾಯಿಸಿ ರಾಷ್ಟ್ರಪತಿಗೆ ತಿಳಿಸಬೇಕೆಂದು ಆ ಯೋಜನೆಯಲ್ಲಿತ್ತು. 1949ರ ಮೇ ತಿಂಗಳಲ್ಲಿ ರಾಜ್ಯಪಾಲರು ಚುನಾಯಿತರಾಗದೆ ರಾಷ್ಟ್ರಪತಿಯಿಂದ ನೇಮಕವಾಗಬೇಕೆಂದು ಸಭೆ ನಿರ್ಧರಿಸಿದ ಮೇಲೆ ಆ ಏರ್ಪಾಡು ಕೈಬಿಟ್ಟುಹೋಗಿ, ಅದರ ಜಾಗಕ್ಕೆ ಹೊಸ ಪಠ್ಯ ಬಂತು.

ಕಾಮತರ ತರ್ಕ ಹಿಡಿದದ್ದು ಈ ಎಳೆಯನ್ನೇ. ರಾಜ್ಯಪಾಲರು ಜನರಿಂದ ಆಯ್ಕೆಯಾದವರಾಗಿದ್ದರೆ ಕೇಂದ್ರಕ್ಕೆ ಅವರ ಮೇಲೆ ಸಂಶಯ ಬರುವುದನ್ನು ಅರ್ಥಮಾಡಿಕೊಳ್ಳಬಹುದಿತ್ತು. ತಾನೇ ನೇಮಿಸಿದ, ತನ್ನ ಇಚ್ಛೆ ಇರುವವರೆಗೆ ಮಾತ್ರ ಪದವಿಯಲ್ಲಿರುವ ವ್ಯಕ್ತಿಯ ವರದಿಗೂ ಕಾಯಲಾರದಷ್ಟು ಅವಿಶ್ವಾಸ ಕೇಂದ್ರಕ್ಕೆ ಇರುವುದಾದರೆ ಆ ನೇಮಕಕ್ಕೆ ಏನು ಅರ್ಥ ಎಂಬುದು ಅವರ ಪ್ರಶ್ನೆಯಾಗಿತ್ತು. ವರದಿಯೆಂದರೆ ಕಾಗದದ ಮೇಲಿನ ಬರಹ. ಅದಕ್ಕೆ ಸಹಿಯಿರುತ್ತದೆ, ದಿನಾಂಕವಿರುತ್ತದೆ, ಬರೆದವನು ಹೊಣೆಗಾರನಾಗುತ್ತಾನೆ, ಮತ್ತು ಅದರ ಸತ್ಯಾಸತ್ಯತೆಯನ್ನು ಮುಂದೊಂದು ದಿನ ಯಾರಾದರೂ ಪರೀಕ್ಷಿಸಬಹುದು. ‘ಅನ್ಯಥಾ’ ಎಂಬುದಕ್ಕೆ ಸಹಿಯೂ ಇಲ್ಲ, ಹೊಣೆಯೂ ಇಲ್ಲ. ಕಾಮತರು ಆ ಪದವನ್ನು ಕೇಡಿನದೆಂದೂ ಪೈಶಾಚಿಕವೆಂದೂ ಕರೆದು, ವರದಿಯಿಲ್ಲದೆ ಮಧ್ಯಪ್ರವೇಶಿಸುವ ಅಧಿಕಾರ ಕೊಡುವುದನ್ನು ಸಾಂವಿಧಾನಿಕ ಅಪರಾಧವೆಂದು ಬಣ್ಣಿಸಿ, ಈಗಲ್ಲದಿದ್ದರೆ ಮುಂದೆಯಾದರೂ ದೇವರು ಮಧ್ಯೆ ಬರುವನೆಂದು ಸಭೆಯ ಮುಂದೆ ನುಡಿದರು.

ಅಂಬೇಡ್ಕರರ ಉತ್ತರವೂ ಹಗುರವಾದದ್ದಾಗಿರಲಿಲ್ಲ. ರಾಜ್ಯಗಳ ಆಡಳಿತ ಸಂವಿಧಾನಬದ್ಧವಾಗಿ ನಡೆಯುವಂತೆ ನೋಡಿಕೊಳ್ಳುವ ಕರ್ತವ್ಯವನ್ನು ಇನ್ನೊಂದು ವಿಧಿಯ ಮೂಲಕ ಕೇಂದ್ರದ ಮೇಲೆ ಹೊರಿಸಿದ ಮೇಲೆ, ರಾಜ್ಯಪಾಲರು ವರದಿ ಕಳುಹಿಸಲಿಲ್ಲವೆಂಬ ಕಾರಣಕ್ಕೆ ಕೇಂದ್ರವು ಕೈಕಟ್ಟಿ ಕೂರುವಂತಾಗಬಾರದು ಎಂಬುದು ಅವರ ನಿಲುವು. ದೇಶವಿಭಜನೆಯ ಗಾಯ ಆರಿರಲಿಲ್ಲ, ಹೈದರಾಬಾದ್ ಸಂಸ್ಥಾನ ಒಕ್ಕೂಟಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಬಲವಾದ ಕೇಂದ್ರ ಬೇಕೆಂದವರ ಆತಂಕ ನಿಜವಾದದ್ದೇ. ಈ ವಿಧಿ ಎಂದೂ ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂಬ ಆಶಯವನ್ನೂ ಅಂಬೇಡ್ಕರ್ ವ್ಯಕ್ತಪಡಿಸಿದರು. ಕಾಮತರ ತಿದ್ದುಪಡಿ ಬಿದ್ದುಹೋಯಿತು, ಪದ ಉಳಿಯಿತು.

ಸತ್ತ ಅಕ್ಷರವಾಗಬೇಕಿದ್ದ ಆ ವಿಧಿ ಗಣರಾಜ್ಯದ ಎರಡನೆಯ ವರ್ಷದಲ್ಲೇ, 1951ರಲ್ಲಿ, ಪಂಜಾಬಿನಲ್ಲಿ ಬಳಕೆಯಾಗಿ, ಮುಂದೆ ನೂರಕ್ಕೂ ಹೆಚ್ಚು ಬಾರಿ ಪ್ರಯೋಗಕ್ಕೆ ಬಂತು. ಅದರ ಅತಿ ಪ್ರಸಿದ್ಧ ವ್ಯಾಜ್ಯ ಹುಟ್ಟಿದ್ದು ಕರ್ನಾಟಕದಲ್ಲಿ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾಗೊಂಡಾಗ, ಬೆಂಬಲ ಹಿಂತೆಗೆದಿದ್ದಾರೆ ಎನ್ನಲಾದ 19 ಶಾಸಕರಲ್ಲಿ ಏಳು ಮಂದಿ ತಮ್ಮ ಪತ್ರಗಳನ್ನು ಅಲ್ಲಗಳೆದಿದ್ದರು ಮತ್ತು ಮುಖ್ಯಮಂತ್ರಿಗಳು ಸದನದಲ್ಲೇ ಬಹುಮತ ತೋರಿಸುವುದಾಗಿ ಹೇಳಿದ್ದರು. ಇಲ್ಲಿ ರಾಜ್ಯಪಾಲರ ವರದಿ ಇತ್ತು. ಇದ್ದದ್ದರಿಂದಲೇ ನ್ಯಾಯಾಲಯ ಅದನ್ನು ಕೈಗೆತ್ತಿಕೊಂಡು ಪರಿಶೀಲಿಸಲು ಸಾಧ್ಯವಾಗಿ, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದ ಪರೀಕ್ಷೆ ನಡೆಯಬೇಕಾದ ಸ್ಥಳ ಸದನವೇ ಹೊರತು ರಾಜಭವನವಲ್ಲ ಎಂಬ ತತ್ತ್ವವನ್ನು ಸ್ಥಾಪಿಸಿತು. ವರದಿಯೇ ಇಲ್ಲದ ಸಂದರ್ಭ ಒದಗಿದ್ದು ನೆರೆಯ ತಮಿಳುನಾಡಿನಲ್ಲಿ. 1991ರ ಜನವರಿಯಲ್ಲಿ ಎಂ. ಕರುಣಾನಿಧಿಯವರ ಸರ್ಕಾರದ ವಿರುದ್ಧ ವರದಿ ಕಳುಹಿಸಲು ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ಒಪ್ಪದಿದ್ದಾಗ, ಕೇಂದ್ರವು ಆ ‘ಅನ್ಯಥಾ’ ಪದವನ್ನೇ ಆಧಾರವಾಗಿಟ್ಟುಕೊಂಡು ಸರ್ಕಾರವನ್ನು ವಜಾ ಮಾಡಿತು. ಕಾಮತರು ನಾಲ್ಕು ದಶಕಗಳ ಹಿಂದೆ ಪ್ರಶ್ನೆಯ ರೂಪದಲ್ಲಿ ಮುಂದಿಟ್ಟಿದ್ದ ಸನ್ನಿವೇಶ ಅಕ್ಷರಶಃ ನಡೆದುಹೋಗಿತ್ತು.

ತುರ್ತು ಪರಿಸ್ಥಿತಿಯ ಇಡೀ ಅಧ್ಯಾಯವೇ ಕಾಮತರ ವಿರೋಧಕ್ಕೆ ಗುರಿಯಾಗಿತ್ತು. ಲೋಕದ ಪ್ರಜಾಪ್ರಭುತ್ವ ಸಂವಿಧಾನಗಳನ್ನೆಲ್ಲ ಜಾಲಾಡಿದರೂ ಇದಕ್ಕೆ ಸಮನಾದದ್ದು ಸಿಗದೆ, ಹತ್ತಿರದ ಹೋಲಿಕೆ ಸಿಕ್ಕಿದ್ದು ಜರ್ಮನಿಯ ವೈಮರ್ ಸಂವಿಧಾನದಲ್ಲಿ ಎಂದು ಅವರು ವಾದಿಸಿದರು. ಆ ಸಂವಿಧಾನದ 48ನೇ ವಿಧಿ ಅಧ್ಯಕ್ಷರಿಗೆ ಕೊಟ್ಟಿದ್ದ ತುರ್ತು ಅಧಿಕಾರವೇ 1933ರಲ್ಲಿ ಹಿಟ್ಲರನಿಗೆ ನಾಗರಿಕ ಹಕ್ಕುಗಳನ್ನು ಅಳಿಸಿಹಾಕಲು ದಾರಿಯಾಗಿತ್ತು. 1949ರ ಆಗಸ್ಟ್ 20ರಂದು ಕರಡಿನ 280ನೇ ವಿಧಿ, ಅಂದರೆ ತುರ್ತು ಕಾಲದಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನೇ ತಡೆಹಿಡಿಯಬಲ್ಲ ಇಂದಿನ 359ನೇ ವಿಧಿ, ಅಂಗೀಕಾರವಾದಾಗ ಅವರು ಅದನ್ನು ನಾಚಿಕೆ ಮತ್ತು ದುಃಖದ ದಿನವೆಂದು ಕರೆದು ಭಾರತದ ಜನರನ್ನು ದೇವರೇ ಕಾಪಾಡಲಿ ಎಂದರು. 1976ರ ಏಪ್ರಿಲ್‌ನಲ್ಲಿ ಜಬಲ್ಪುರ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ಎಚ್.ಆರ್. ಖನ್ನಾ ಒಬ್ಬರ ಭಿನ್ನಮತವಿದ್ದಾಗಲೂ, ಇದೇ ವಿಧಿಯ ಅಡಿ ಹೊರಟ ಆದೇಶ ಜಾರಿಯಲ್ಲಿರುವಾಗ ವಿಚಾರಣೆಯಿಲ್ಲದೆ ಸೆರೆಯಾದವರು ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲು ತಟ್ಟಲಾರರು ಎಂದು ತೀರ್ಪಿತ್ತರು.

ಕಾಮತರ ಎಲ್ಲ ತಿದ್ದುಪಡಿಗಳೂ ಈ ತೂಕದವಲ್ಲ. ಪ್ರಸ್ತಾವನೆಯನ್ನು ದೇವರ ಹೆಸರಿನಲ್ಲಿ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ಅವರು ಮಂಡಿಸಿದ ಸೂಚನೆ, ದೇವರನ್ನು ಮತಕ್ಕೆ ಹಾಕುವ ಮುಜುಗರ ತರಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರೂ ಮತವಿಭಜನೆಗೆ ಹೋಗಿ, 41ಕ್ಕೆ 68 ಮತಗಳಿಂದ ಸೋತಿತು. ನಂಬಿಕೆಯನ್ನು ವ್ಯಕ್ತಿಗೆ ಬಿಟ್ಟುಕೊಟ್ಟ ಸಭೆಯ ಆ ತೀರ್ಮಾನ ಸರಿಯಾದದ್ದು. ಆದರೂ, ಕರಡು ಸಮಿತಿಯ ವಿರುದ್ಧ ನಿರಂತರವಾಗಿ ನಿಂತ ಇದೇ ಬಂಡಾಯಗಾರರನ್ನು ಅಂಬೇಡ್ಕರ್ 1949ರ ನವೆಂಬರ್ 25ರ ಸಮಾರೋಪ ಭಾಷಣದಲ್ಲಿ ಹೆಸರಿಸಿ ನೆನೆದರು. ಕಾಮತ್, ಪಂಜಾಬ್‌ರಾವ್ ದೇಶಮುಖ್, ಸಿಧ್ವಾ, ಸಕ್ಸೇನಾ, ಠಾಕುರ್ ದಾಸ್ ಭಾರ್ಗವ, ಕೆ.ಟಿ. ಷಾ, ಹೃದಯನಾಥ ಕುಂಜ್ರೂ ಇವರಿಲ್ಲದಿದ್ದರೆ ಸಂವಿಧಾನದ ಹಿಂದಿರುವ ತತ್ತ್ವಗಳನ್ನು ವಿವರಿಸುವ ಅವಕಾಶವೇ ತಮಗೆ ಸಿಗುತ್ತಿರಲಿಲ್ಲ ಎಂಬರ್ಥದ ಮಾತನಾಡಿ, ಅವರಿಗೆ ಕೃತಜ್ಞತೆ ಹೇಳಿದರು.

ಮುಂದಿನ ವರ್ಷಗಳಲ್ಲಿ ಕಾಮತರು ಮಧ್ಯಪ್ರದೇಶದ ಹೋಶಂಗಾಬಾದಿನಿಂದ ಮೊದಲನೆಯ (ಉಪಚುನಾವಣೆಯ ಮೂಲಕ), ಮೂರನೆಯ ಮತ್ತು ಆರನೆಯ ಲೋಕಸಭೆಗಳಲ್ಲಿ ಇದ್ದರು. 1952ರಲ್ಲಿ 174 ಮತಗಳಿಂದ ಸೋತ ಚುನಾವಣೆಯ ಕುರಿತು ಅವರು ಹೂಡಿದ ಮೊಕದ್ದಮೆ, ಕೆಳಗಿನ ನ್ಯಾಯಮಂಡಳಿಗಳ ತೀರ್ಪನ್ನು ಮೇಲಿನ ನ್ಯಾಯಾಲಯ ಯಾವಾಗ ರದ್ದುಮಾಡಬಹುದು ಎಂಬ ವಿಷಯದಲ್ಲಿ ಕಾನೂನು ವಿದ್ಯಾರ್ಥಿಗಳು ಈಗಲೂ ಓದುವ ತೀರ್ಪಾಗಿದೆ. 1977ರಲ್ಲಿ, ತುರ್ತು ಪರಿಸ್ಥಿತಿ ಮುಗಿದ ಮೇಲೆ, ಎಪ್ಪತ್ತರ ಹೊಸ್ತಿಲಲ್ಲಿ ಮತ್ತೆ ಗೆದ್ದು ಬಂದಾಗ ಅವರು ಕುಳಿತದ್ದು 44ನೇ ತಿದ್ದುಪಡಿಯನ್ನು ರೂಪಿಸಿದ ಸದನದಲ್ಲಿ. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣದ ಜಾಗಕ್ಕೆ ‘ಸಶಸ್ತ್ರ ಬಂಡಾಯ’ ಬಂದದ್ದು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ರಕ್ಷಣೆ 359ನೇ ವಿಧಿಯ ಕೈಗೆ ಸಿಗದಂತಾದದ್ದು ಆ ತಿದ್ದುಪಡಿಯಿಂದಲೇ. 29 ವರ್ಷಗಳ ಹಿಂದೆ ದುಃಖದ ದಿನವೆಂದು ಅವರು ಕರೆದದ್ದರ ಒಂದು ಭಾಗವಾದರೂ ಅವರ ಕಣ್ಣೆದುರೇ ಸರಿಹೋಯಿತು.

ಆ ತಿದ್ದುಪಡಿ 356ನೇ ವಿಧಿಯನ್ನೂ ಮುಟ್ಟಿ, ರಾಷ್ಟ್ರಪತಿ ಆಳ್ವಿಕೆಯನ್ನು ಒಂದು ವರ್ಷಕ್ಕಿಂತ ಹೆಚ್ಚು ಮುಂದುವರಿಸುವುದಕ್ಕೆ ಕಠಿಣ ಷರತ್ತುಗಳನ್ನು ವಿಧಿಸಿತು. ಆದರೆ ವಿಧಿಯ ಮೊದಲ ಸಾಲಿನ ‘ಅನ್ಯಥಾ’ವನ್ನು ಅಲುಗಿಸಲಿಲ್ಲ. ಕಾಮತರು 1982ರಲ್ಲಿ ತೀರಿಕೊಂಡರು. ಪದ ಈಗಲೂ ಇದ್ದಲ್ಲೇ ಇದೆ, ರಾಜ್ಯಪಾಲರ ವರದಿಯ ಪಕ್ಕದಲ್ಲಿ.