ಹವಳದ ತೊಟ್ಟಿ ಮತ್ತು ಕೆಳಮನೆಯ ಸೀಲಿಂಗು

ಮನೆಗೆ ಬಂದವರೆಲ್ಲ ನಮ್ಮ ರೀಫ್ ಅಕ್ವೇರಿಯಂನಲ್ಲಿ ಮೀನು ನೋಡುತ್ತಾರೆ. ತಮಗೂ ಅಂಥದೊಂದು ಬೇಕು ಎನ್ನುವವರಿಗೆ ಮಾತ್ರ ನಾನು ಕೆಳಗಿನ ಕಪಾಟಿನ ಬಾಗಿಲು ತೆಗೆದು ಪೈಪು ತೋರಿಸುತ್ತೇನೆ. ಪುಣೆಯಲ್ಲಿ ನಮ್ಮದು ಮೂರನೇ ಮಹಡಿ. ನಮ್ಮ ನೆಲವೆಂದರೆ ಕೆಳಗಿನವರ ಸೀಲಿಂಗು. ಅಲ್ಲಿಗೆ ಉಪ್ಪುನೀರು ಇಳಿದರೆ ಮೀನಿನ ಚೆಂದವನ್ನು ಸೊಸೈಟಿ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ.

ಈ ವ್ಯವಸ್ಥೆ ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ನೆಲದಡಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಮೋಟರು ಇರುತ್ತದಲ್ಲ, ಇದೂ ಹಾಗೆಯೇ. ಮೇಲೆ ಹವಳ, ಮೀನುಗಳ ತೊಟ್ಟಿ. ಕಪಾಟಿನೊಳಗೆ ಸಂಪು, ಅದರಲ್ಲಿ ಸ್ಕಿಮ್ಮರ್, ಫಿಲ್ಟರ್, ಪಂಪು. ಮನೆಯ ನೀರು ಮೇಲೇರಿ ಖರ್ಚಾಗುತ್ತದೆ, ಇಲ್ಲಿ ಅದೇ ನೀರು ದಿನದ 24 ಗಂಟೆಯೂ ಸುತ್ತುತ್ತದೆ. ಡ್ರೈನ್ ಪೈಪಿನಲ್ಲಿ ತನ್ನ ಭಾರಕ್ಕೆ ಇಳಿಯುತ್ತದೆ, ರಿಟರ್ನ್ ಪೈಪಿನಲ್ಲಿ ಪಂಪಿನ ಬಲದಿಂದ ಏರುತ್ತದೆ. ಇವೆರಡರಲ್ಲಿ ಒಂದು ನಿಂತರೆ ನೀರು ಎಲ್ಲಿಗೆ ಹೋಗುತ್ತದೆ? ಪೈಪು ಕತ್ತರಿಸುವ ಮೊದಲೇ ಇದಕ್ಕೆ ಕಾಗದದ ಮೇಲೆ ಉತ್ತರ ಸಿಗಬೇಕು.

ಮೊದಲು ಕರೆಂಟ್ ಹೋದಾಗಿನ ಲೆಕ್ಕ. ಪಂಪು ನಿಂತ ಕೂಡಲೇ ರಿಟರ್ನ್ ಪೈಪೇ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವ ತನಕ ಅದು ನಿಲ್ಲದು. ತೊಟ್ಟಿ 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ ಎಂದುಕೊಳ್ಳಿ. ಬಾಯಿ ನೀರಿನ ಮಟ್ಟದಿಂದ 3 ಸೆಂ.ಮೀ. ಕೆಳಗಿದ್ದರೆ 18 ಲೀಟರ್, 10 ಸೆಂ.ಮೀ. ಕೆಳಗಿದ್ದರೆ 60 ಲೀಟರ್ ಇಳಿದು ಬರುತ್ತದೆ. ಸಂಪು 75 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದರೆ ಅದರ ಒಂದೊಂದು ಸೆಂಟಿಮೀಟರಿಗೆ 3 ಲೀಟರ್ ಹಿಡಿಯುತ್ತದೆ. 18 ಲೀಟರಿಗೆ 6 ಸೆಂ.ಮೀ. ಖಾಲಿ ಜಾಗ ಸಾಕು, 60 ಲೀಟರಿಗೆ 20 ಬೇಕು. ಪೈಪುಗಳಲ್ಲಿ, ಓವರ್‌ಫ್ಲೋ ಪೆಟ್ಟಿಗೆಯಲ್ಲಿ ಉಳಿದ ನೀರು ಇದರ ಮೇಲೆ. ಆದ್ದರಿಂದ ಬಾಯಿಯನ್ನು ಮೇಲ್ಮಟ್ಟದ ಹತ್ತಿರವೇ ಇಡಿ. ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆದರೆ ಗಾಳಿ ನುಗ್ಗಿ ಸೈಫನ್ ಬೇಗ ಮುರಿಯುತ್ತದೆ. ಆದರೆ ಆ ತೂತಿಗೆ ಪಾಚಿ ಕಟ್ಟುತ್ತದೆ. ಅಂಗಡಿಯವರು ಸೂಚಿಸುವ ನಾನ್ ರಿಟರ್ನ್ ವಾಲ್ವಿನೊಳಗೂ ಸುಣ್ಣ ಕಟ್ಟುತ್ತದೆ, ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಇವು ಎರಡೂ ಇರಲಿ, ಆದರೆ ಸಂಪಿನ ಖಾಲಿ ಜಾಗವನ್ನು ಇವು ಇಲ್ಲವೆಂದೇ ಲೆಕ್ಕ ಹಾಕಿ.

ಎರಡನೆಯದು, ಕರೆಂಟ್ ಇದ್ದು ಡ್ರೈನ್ ಕಟ್ಟಿಕೊಂಡಾಗಿನ ಲೆಕ್ಕ. ಪಂಪಿರುವ ಕೋಣೆ ಬರಿದಾಗುವ ತನಕ ನೀರು ಏರುತ್ತಲೇ ಇರುತ್ತದೆ. ಕೋಣೆ 30 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ನೀರಿನ ಆಳ 15 ಸೆಂ.ಮೀ. ಆದರೆ 18 ಲೀಟರ್. ಮೇಲಿನ ತೊಟ್ಟಿ 3 ಸೆಂ.ಮೀ. ಏರುತ್ತದೆ. ಆವಿಯಾದಷ್ಟು ಸಿಹಿನೀರು ಸೇರಿಸುವ ಆಟೋ ಟಾಪ್‌ಅಪ್ ಇದ್ದರೆ ಅದು ಕೋಣೆ ಬರಿದಾದದ್ದನ್ನು ಕಂಡು ತನ್ನ ಕ್ಯಾನಿನ ನೀರನ್ನೂ ಸುರಿಯುತ್ತದೆ. 10 ಲೀಟರಿನ ಕ್ಯಾನಾದರೆ ಇನ್ನೂ 1.7 ಸೆಂ.ಮೀ. ಹಾಗಾಗಿ ಇಂಥ ತೊಟ್ಟಿಯ ಅಂಚು ನೀರಿಗಿಂತ 6 ಸೆಂ.ಮೀ. ಮೇಲಿರಬೇಕು. ಟಾಪ್‌ಅಪ್‌ಗೆ ದೊಡ್ಡ ಡ್ರಮ್ ಇಡಬಾರದು.

ಡ್ರೈನ್ ಕಟ್ಟಿದರೂ ನೀರಿಗೆ ದಾರಿ ಇರಲೆಂದು ಎರಡು ಪೈಪು ಇಳಿಸುತ್ತೇವೆ. ಹವ್ಯಾಸಿಗಳು ಇದನ್ನು ಹರ್ಬಿ ವಿಧಾನ ಎನ್ನುತ್ತಾರೆ. ಒಂದು ಗಾಳಿಯಿಲ್ಲದೆ ತುಂಬಿ ಹರಿಯುತ್ತದೆ, ಸದ್ದು ಮಾಡುವುದಿಲ್ಲ. ಅದರ ಹರಿವನ್ನು ಗೇಟ್ ವಾಲ್ವಿನಿಂದ ಹೊಂದಿಸುತ್ತೇವೆ. ಇನ್ನೊಂದು ತುಸು ಎತ್ತರದಲ್ಲಿ, ಸದಾ ಒಣಗಿ ನಿಂತಿರುವ ತುರ್ತು ಪೈಪು. ಅದಕ್ಕೆ ಯಾವ ವಾಲ್ವೂ ಬೇಡ. ಪಂಪಿನ ಅಷ್ಟೂ ನೀರನ್ನು ಅದೊಂದೇ ಹೊರಬೇಕು. ಮುಖ್ಯ ಪೈಪಿನ ತುದಿ ಸಂಪಿನ ನೀರಿನಲ್ಲಿ ಎರಡು ಮೂರು ಸೆಂ.ಮೀ. ಮಾತ್ರ ಮುಳುಗಿರಲಿ, ಹೆಚ್ಚು ಮುಳುಗಿದರೆ ಒಳಗಿನ ಗಾಳಿ ಹೊರಹೋಗದೆ ಸೈಫನ್ ಮತ್ತೆ ಶುರುವಾಗುವುದು ಕಷ್ಟ. ತುರ್ತು ಪೈಪಿನ ತುದಿ ನೀರಿಗಿಂತ ಮೇಲೆಯೇ ಇರಲಿ. ಊರಲ್ಲಿ ಟ್ಯಾಂಕ್ ತುಂಬಿ ಸುರಿಯುವ ಸದ್ದು ಕೇಳಿ ಪಕ್ಕದ ಮನೆಯವರು ಮೋಟರ್ ಆಫ್ ಮಾಡಿ ಎಂದು ಕೂಗುವ ಹಾಗೆ, ಇದು ಸುರಿದರೆ ನಿಮಗೆ ತಿಳಿಯಬೇಕು.

ಪ್ಲಂಬರನ್ನು ಕರೆಸಿದರೆ ಪಕ್ಕದಲ್ಲೇ ನಿಂತಿರಿ. ಸಿಪಿವಿಸಿ ಫಿಟಿಂಗುಗಳಲ್ಲಿ ಹಲವಕ್ಕೆ ಹಿತ್ತಾಳೆಯ ತಿರುಪು ಇರುತ್ತದೆ. ಹಿತ್ತಾಳೆಯ ತಾಮ್ರ ನೀರಿಗೆ ಬಿಟ್ಟರೆ ಹವಳ, ಸಿಗಡಿ, ಬಸವನಹುಳು ಉಳಿಯುವುದಿಲ್ಲ. ನೀರು ತಾಗುವ ಕಡೆಯೆಲ್ಲ ಪ್ಲಾಸ್ಟಿಕ್ಕೇ ಇರಲಿ. ಪಂಪಿನ ಹತ್ತಿರ ಯೂನಿಯನ್ ಹಾಕಿಸಿದರೆ ಬಿಚ್ಚಿ ತೊಳೆಯಲು ಪೈಪು ಕೊಯ್ಯಬೇಕಾಗಿಲ್ಲ. ತಂತಿಗಳು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರಲಿ, ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ.

ಉಪ್ಪು ಹಾಕುವ ಮೊದಲು, ನಲ್ಲಿ ನೀರಿನಲ್ಲೇ ಪರೀಕ್ಷೆ ಮಾಡಿ. ಪಂಪು ಆರಿಸಿ, ಸಂಪು ಎಲ್ಲಿಯವರೆಗೆ ಏರಿತೆಂದು ನೋಡಿ. ಮತ್ತೆ ಹಾಕಿ, ನಿಮ್ಮ ಕೈ ತಾಗದೆ ಸೈಫನ್ ಶುರುವಾಗುತ್ತದೆಯೇ ನೋಡಿ. ಮೂರು ಸಲ ಮಾಡಿ. ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ತುರ್ತು ಪೈಪು ಹೊರುತ್ತದೆಯೇ ನೋಡಿ. ಕೊನೆಗೆ ಎರಡನ್ನೂ ಕಟ್ಟಿ, ಪಂಪು ಗಾಳಿ ಎಳೆಯತೊಡಗಿದಾಗ ಆರಿಸಿ. ಆಗಲೂ ತೊಟ್ಟಿಯ ಅಂಚು ಒಣಗಿರಬೇಕು. ಕರೆಂಟ್ ಹೋಗುವುದು ನಾವು ಆಫೀಸಿನಲ್ಲಿರುವಾಗ ಅಥವಾ ದಸರೆಗೆ ಊರಿನ ಬಸ್ಸು ಹತ್ತಿದ ಮೇಲೆ. ಆಗ ವಾಲ್ವ್ ತಿರುಗಿಸಲು ಯಾರೂ ಇರುವುದಿಲ್ಲ.

ಪಂಪು ಓಡುತ್ತಿರುವಾಗ ಸಂಪಿನಲ್ಲಿ ನೀರು ಎಷ್ಟಿರಬಹುದೋ ಅಲ್ಲಿಗೆ ಒಂದು ಕೆಂಪು ಟೇಪು ಅಂಟಿಸಿ. ನಮ್ಮ ಮನೆಯಲ್ಲಿ ಅದರ ಪಕ್ಕ ‘ಇದರ ಮೇಲೆ ತುಂಬಬೇಡಿ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದೇನೆ. ನಾವು ಊರಿಗೆ ಹೋದಾಗ ಮೀನಿಗೆ ಮೇವು ಹಾಕಲು ಬರುವವರು ಕೆಳಮನೆಯವರೇ.